ಹನ್ನೊಂದು ಹಾಲಿನ ಬಾಟ್ಲಿ ಮತ್ತು ನಮ್ಮ ಆಯಮ್ಮ

ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡೋರು ನಗೋದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ಒಂದಲ್ಲ ಒಂದು ಆಗೇ ಆಗುತ್ತೆ. ಏನೂ ಆಗಲಿಲ್ಲ ಅಂದರೆ ಆವತ್ತು ಭಾನುವಾರ ಅಂತಲೇ ತಿಳ್ಕೋಬೇಕು.

ನಾನು ತುಮಕೂರಿನವಳು. ನಮ್ಮ ಅಬ್ಬಾದು ಪೇಟೆಯಲ್ಲಿ ಪಾತ್ರೆಗೆ ಕಲಾಯಿ ಹಾಕೋ ಅಂಗಡಿ. ಎಪ್ಪತ್ತರ ದಶಕದ ಕೊನೆಯಲ್ಲಿ ಗುಬ್ಬಿಯ ಒಂದು ಶಿಶುವಿಹಾರಕ್ಕೆ ಟೀಚರ್ ಆಗಿ ಸೇರಿದೆ. ಬೆಳಿಗ್ಗೆ ಬಸ್ಸಲ್ಲಿ ಹೋಗಿ ಸಂಜೆ ಬರ್ತಿದ್ದೆ. ಬ್ಯಾಗಲ್ಲಿ ಟ್ರೈನಿಂಗ್ ಸರ್ಟಿಫಿಕೇಟು, ತಲೇಲಿ ಅದಕ್ಕಿಂತ ದೊಡ್ಡ ಜಂಬ. ಜೊತೆಗಿದ್ದದ್ದು ಒಬ್ಬರೇ ಆಯಮ್ಮ. ಚೇಳೂರು ಕಡೆಯವರು. ಗಂಡ ತೀರಿಹೋದ ಮೇಲೆ ಏಳನೇ ಕ್ಲಾಸು ಓದೋ ಮಗಳನ್ನ ಕರ್ಕೊಂಡು ಬಂದು ಗುಬ್ಬೀಲಿ ಒಂದು ರೂಮು ಮಾಡ್ಕೊಂಡಿದ್ದರು. ಓದು ಬರಹ ಇಲ್ಲ, ರುಜು ಹಾಕೋ ಕಡೆ ಹೆಬ್ಬೆಟ್ಟು. ಮಕ್ಕಳನ್ನ ಹೇಗೆ ನೋಡ್ಕೋಬೇಕು ಅಂತ ಇವರಿಗೆ ನಾನು ಹೇಳಿಕೊಡೋಕೆ ಹೊರಟಿದ್ದೆ! ಆ ಧೈರ್ಯ ನೆನೆಸಿಕೊಂಡರೆ ಈಗಲೂ ನಗು ಬರುತ್ತೆ.

೧. ಗಡುವು

ನಮ್ಮಲ್ಲಿ ಎರಡೂವರೆಯಿಂದ ನಾಲ್ಕು ವರ್ಷದ ಇಪ್ಪತ್ತು ಮಕ್ಕಳಿದ್ದವು. ಬೆಳಿಗ್ಗೆ ಹನ್ನೊಂದಕ್ಕೆ ಪೌಡರ್ ಹಾಲು ಕಾಯಿಸಿ ಸ್ಟೀಲ್ ಲೋಟದಲ್ಲಿ ಕೊಡ್ತಿದ್ವಿ. ಒಂಬತ್ತು ಮಕ್ಕಳು ಕುಡೀತಿದ್ದವು. ಉಳಿದ ಹನ್ನೊಂದಕ್ಕೆ ಲೋಟ ಕಂಡರೆ ಅಳು. ಅವು ಮನೆಯಿಂದಲೇ ಗಾಜಿನ ಬಾಟ್ಲಿ, ರಬ್ಬರ್ ನಿಪ್ಪಲ್ಲು ಹಿಡ್ಕೊಂಡು ಬರೋವು. ತೆಂಗಿನಕಾಯಿ ಮಂಡಿಯವರ ಮೊಮ್ಮಗ ಒಬ್ಬನಿದ್ದ, ಅವನಂತೂ ಬಾಟ್ಲಿಗೆ ದಾರ ಕಟ್ಟಿಸಿ ಕೊರಳಿಗೇ ಹಾಕ್ಕೊಂಡಿದ್ದ. ಓಡುವಾಗ ಅದು ಹೊಟ್ಟೆಗೆ ಟಪ್ ಟಪ್ ಅಂತ ಬಡೀತಿತ್ತು. ಅವನು ಎಲ್ಲಿದ್ದಾನೆ ಅಂತ ಹುಡುಕೋ ಕೆಲಸವೇ ಇರಲಿಲ್ಲ.

ಒಂದು ಸಲ ಮೂರು ಮಕ್ಕಳಿಗೆ ಒಟ್ಟಿಗೇ ಭೇದಿ ಹತ್ತಿತು. ಊರಿನ ಡಾಕ್ಟರು ಬಂದು ನೋಡಿ, ನಿಪ್ಪಲ್ ಮೇಲೆ ಕೂತಿದ್ದ ನೊಣವನ್ನ ಬೆರಳು ಮಾಡಿ ತೋರಿಸಿ, "ಬೇರೆ ಕಾರಣ ಹುಡುಕಬೇಡಿ" ಅಂದುಬಿಟ್ಟರು. ಸುದ್ದಿ ತುಮಕೂರಿಗೆ, ನಮ್ಮ ಸಮಿತಿ ಅಧ್ಯಕ್ಷರ ಕಿವಿಗೆ ಬಿತ್ತು. ಆಯಮ್ಮ ಬೆರಳು ತೋರಿಸಿದರೆ ಸಾಕು ಮಕ್ಕಳು ಸಾಲಾಗಿ ಕೂರ್ತಿದ್ದವು, ಅಧ್ಯಕ್ಷರು ಬೆರಳು ತೋರಿಸಿದರೆ ನಾವು ಕೂರ್ತಿದ್ವಿ. ಅಂಥ ಹೆಂಗಸು.

ಬಂದವರೇ ಹೇಳಿದರು: "ಮಕ್ಕಳಿಗೆ ಲೋಟದಲ್ಲಿ ಕುಡಿಯೋದು ಕಲಿಸೋಕೆ ಆಗದಿದ್ರೆ ಆಯಾ ಯಾಕ್ರೀ ಬೇಕು? ಯುಗಾದಿ ಕಳೆದ ಮೇಲೆ ಮತ್ತೆ ಬರ್ತೀನಿ. ಈ ಕಟ್ಟಡದೊಳಗೆ ಒಂದೇ ಒಂದು ಬಾಟ್ಲಿ ನನ್ನ ಕಣ್ಣಿಗೆ ಬಿದ್ರೂ ಈಯಮ್ಮನ್ನ ಬಿಡಿಸಿ ಬೇರೆಯವರನ್ನ ಹಾಕ್ತೀನಿ. ಎಸ್ಸೆಸ್ಸೆಲ್ಸಿ ಪಾಸಾಗಿರೋ ಹುಡುಗಿ ರೆಡಿ ಇದ್ದಾಳೆ."

ಕಾರು ಹೋದ ಮೇಲೆ ಆಯಮ್ಮ ಲೋಟಗಳನ್ನೆಲ್ಲಾ ತೊಳೆದು ಬೋರಲು ಹಾಕಿದರು. ಆಮೇಲೆ ಅಂದರು, "ಈ ಕೆಲ್ಸ ಹೋದ್ರೆ ಅಣ್ಣನ ಮನೆಗೇ ಹೋಗ್ಬೇಕು ಮೇಡಮ್ಮೋರೆ. ಅತ್ತಿಗೆ ಅನ್ನ ಹಾಕ್ತಾಳೆ, ಮಗೀನ ಓದಿಸಕ್ಕಿಲ್ಲ."

ಏನು ಮಾಡಬೇಕು ಅಂತ ನನಗೂ ಗೊತ್ತಿರಲಿಲ್ಲ. ಆದರೂ ಜಂಬ ಬಿಡಬೇಕಲ್ಲ! "ಹೆದರಬೇಡಿ ಆಯಮ್ಮ, ನಾಳೆ ಬೆಳಿಗ್ಗೆ ಬರ್ತಿದ್ದ ಹಾಗೇ ಹನ್ನೊಂದು ಬಾಟ್ಲೀನೂ ಕಿತ್ತುಕೊಂಡು ಬಿಡೋಣ" ಅಂದೆ.

ಆಯಮ್ಮ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದರು. "ನಿಮ್ ಕೈಯಿಂದ ಟೀ ಲೋಟ ಕಿತ್ಕೊಂಡ್ರೆ ನೀವು ಸುಮ್ಕಿರ್ತೀರಾ?"

ಟೀ ತಣ್ಣಗಿತ್ತು ಅಂತ ಹಿಂದಿನ ವಾರವಷ್ಟೇ ಅವರ ಜೊತೆ ಎರಡು ದಿನ ಮಾತು ಬಿಟ್ಟಿದ್ದವಳು ನಾನು. ಸುಮ್ಮನಾದೆ.

೨. ನನ್ನ ಔಷಧಿ

ಸುಮ್ಮನಾದೆ ಅಂದೆನಲ್ಲ, ಬಾಯಿ ಮಾತ್ರ. ಕೈ ಸುಮ್ಮನಿರಲಿಲ್ಲ. ನಮ್ಮಮ್ಮಿ ನನಗೆ ಬೆರಳು ಚೀಪೋದು ಬಿಡಿಸಿದ್ದು ಬೇವಿನ ಸೊಪ್ಪು ಅರೆದು ಹಚ್ಚಿ. ಅದನ್ನೇ ಇಲ್ಲಿ ಮಾಡೋಣ ಅಂದುಕೊಂಡು, ಆಯಮ್ಮನಿಗೂ ಹೇಳದೆ, ಹೋಟೆಲಿನವರ ಮಗಳ ಬಾಟ್ಲಿಯ ನಿಪ್ಪಲ್ಲಿಗೆ ಬೇವಿನ ರಸ ಬಳಿದು ಇಟ್ಟೆ.

ಮಗು ಬಾಯಿಗಿಟ್ಟುಕೊಂಡಳು. ಮುಖ ಕಿವುಚಿದಳು. ನಾನು ಒಳಗೊಳಗೇ ಗೆದ್ದೆ ಅಂದುಕೊಂಡೆ. ಅವಳು ಬಾಟ್ಲಿ ತೆಗೆದು ನಿಪ್ಪಲ್ಲನ್ನ ಒಂದು ಸಲ ನೋಡಿದಳು, ನನ್ನನ್ನ ಒಂದು ಸಲ ನೋಡಿದಳು, ಮತ್ತೆ ಬಾಯಿಗಿಟ್ಟು ಪೂರ್ತಿ ಹಾಲು ಮುಗಿಸಿದಳು. ಮಾರನೇ ದಿನ ಇನ್ನೂ ದಪ್ಪಗೆ ಬಳಿದೆ. ಅದನ್ನೂ ಮುಗಿಸಿದಳು. ನಾಲ್ಕನೇ ದಿನ ನನಗೇ ಬೇಜಾರಾಗಿ ಬಳಿಯೋದು ಬಿಟ್ಟರೆ, ಬಾಟ್ಲಿ ತಂದು ನನ್ನ ಮುಂದೆ ಹಿಡಿದು, "ಮಿಸ್, ಹಚ್ಚು" ಅಂದಳು. ಯಾ ಅಲ್ಲಾ!

ಆಯಮ್ಮ ನಗಲಿಲ್ಲ, ಅದು ಅವರ ದೊಡ್ಡತನ. ಆ ಹುಡುಗೀನ ಕರೆದು, "ನೀನು ಹೋಟ್ಲೋರ ಮಗ್ಳಲ್ವೇನವ್ವ? ಎಲ್ಲಾರ್ಗೂ ಹಾಲು ಕೊಡೋಳು ನೀನೇ. ಎಲ್ಲಾರ್ದೂ ಆದ್ಮೇಲೆ ನಿಂದು" ಅಂದರು. ಅಷ್ಟೇ. ಎರಡೂ ಕೈಯಲ್ಲಿ ಲೋಟ ಹಿಡಿದು, ನಾಲಿಗೆ ಹೊರಗೆ ಹಾಕಿಕೊಂಡು, ಚೆಲ್ಲದ ಹಾಗೆ ಹೆಜ್ಜೆ ಇಟ್ಟು ಇಟ್ಟು ಹಂಚಿದಳು. ಕೊನೆಗೆ ಉಳಿದ ಲೋಟ ತಾನೇ ಎತ್ತಿ ಕುಡಿದಳು. ಎರಡೂ ಕೈಗೆ ಕೆಲಸ ಬಂದ ಮೇಲೆ ಬಾಟ್ಲಿ ಹಿಡಿಯೋಕೆ ಅವಳಿಗೆ ಮೂರನೇ ಕೈ ಎಲ್ಲಿತ್ತು?

ಯುಗಾದಿ ಮಾರನೇ ದಿನ ಅವಳ ಅಜ್ಜಿ ಒಂದು ಡಬ್ಬಿ ಒಬ್ಬಟ್ಟು ತಂದು ನನ್ನ ಕೈಲಿಟ್ಟರು. "ಟೀಚರಮ್ಮ, ಏನು ಕಲಿಸಿದೀರಿ ತಾಯಿ ನೀವು! ನಮ್ಮ ಮನೇಲಿ ಮಕ್ಕಳಿಗೆ ಬೇವು ತಿನ್ನಿಸೋಕೆ ಮೂರು ಜನ ಹಿಡ್ಕೋಬೇಕು. ಇವಳು ಬೇವೆಲ್ಲಾ ತಿಂದು ಬೆಲ್ಲ ವಾಪಸ್ ಕೊಟ್ಟಳು!"

ನಾನು ಒಬ್ಬಟ್ಟು ತಿಂದೆ.

೩. ಮೀಸೆ

ಕೊರಳಿಗೆ ಬಾಟ್ಲಿ ಕಟ್ಕೊಂಡಿದ್ದ ಹುಡುಗನ ತಾತನಿಗೆ ಊರಿಗೆಲ್ಲಾ ಗೊತ್ತಿರೋ ಮೀಸೆ. ಎರಡೂ ಕಡೆ ತಿರುವಿ, ತುದಿಗೆ ಎಣ್ಣೆ ಹಚ್ಚಿ ನಿಲ್ಲಿಸಿರೋರು. ಮೊಮ್ಮಗನಿಗೆ ತಾತನ ಮೇಲೆ ಪ್ರಾಣ, ತಾತನ ಮೀಸೆ ಮೇಲೆ ಅದಕ್ಕಿಂತ ಜಾಸ್ತಿ.

ಒಂದು ದಿನ ಆಯಮ್ಮ ಅವನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು. ಅಗಲ ಬಾಯಿನ ಲೋಟದ ತುಂಬ ನೊರೆ ಹಾಲು. "ನಿಮ್ ತಾತಂಗೆ ಮೀಸೆ ಹೆಂಗ್ ಬಂತು ಗೊತ್ತೇನ್ಲಾ?" ಅಂದವರೇ ಸೊರ್ ಅಂತ ಹಾಲು ಹೀರಿ ಮುಖ ಎತ್ತಿದರು. ಮೂಗಿನ ಕೆಳಗೆ ದಪ್ಪಗೆ ಬಿಳಿ ಮೀಸೆ! ಸೊಂಟದಿಂದ ಒಂದು ಒಡೆದ ಕನ್ನಡಿ ಚೂರು ತೆಗೆದು, ನೋಡಿಕೊಂಡು, ಎರಡು ಬೆರಳಲ್ಲಿ ಗಾಳಿಯಲ್ಲೇ ತಿರುವಿದರು.

ಹುಡುಗನ ಬಾಯಿಂದ ನಿಪ್ಪಲ್ ತಾನಾಗೇ ಜಾರಿತು.

"ಬಾಟ್ಲೀಲಿ ಬರಾಕಿಲ್ವಾ?" ಅಂತ ಕೇಳಿದ.

"ನೋಡ್ಕೋ ಬೇಕಾದ್ರೆ" ಅಂತ ಕನ್ನಡಿ ಕೊಟ್ಟರು. ಪಾಪ, ಬಾಟ್ಲೀಲಿ ಕುಡಿದು ಕುಡಿದು ನೋಡ್ಕೊಂಡ. ಒಂದು ಎಳೆ ಮೀಸೆ ಇಲ್ಲ. ಸುಮ್ಮನೆ ಬಾಟ್ಲಿ ಬದಿಗಿಟ್ಟು ಲೋಟಕ್ಕೆ ಮೂಗಿನವರೆಗೆ ಮುಖ ಅದ್ದಿದ. ಎರಡು ಮೂರು ದಿನದಲ್ಲಿ ಕ್ಲಾಸಿನ ತುಂಬ ಮೀಸೆ. ಹೆಣ್ಣುಮಕ್ಕಳೂ ಬಿಡಲಿಲ್ಲ. "ನಮ್ಗೂ ಬತ್ತದಾ ಆಯಮ್ಮ?" ಅಂದರೆ, "ಯಾಕ್ ಬರ್ಬಾರ್ದು? ನಂಗ್ ಬಂದಿಲ್ವಾ?" ಅಂತಿದ್ದರು. ಒಂದೇ ತೊಂದರೆ ಅಂದರೆ ಯಾವ ಮಗೂನೂ ಬಾಯಿ ಒರೆಸೋಕೆ ಬಿಡ್ತಿರಲಿಲ್ಲ. ಎಲ್ಲವೂ ಮೀಸೆ ಸಮೇತ ಮನೆಗೆ ಹೋದವು. ಒಂದೇ ವಾರದಲ್ಲಿ ನಾಲ್ಕು ಬಾಟ್ಲಿ ಕೈಬಿಟ್ಟವು.

ಆ ವಾರ ಡಾಕ್ಟರು ಮಕ್ಕಳನ್ನ ನೋಡೋಕೆ ಬಂದರು. ನುಣ್ಣಗೆ ಶೇವ್ ಮಾಡಿರೋ ಮುಖ. ನಮ್ಮ ಹುಡುಗ ಅವರನ್ನ ಹತ್ತಿರದಿಂದ ನೋಡಿದ, ಸುತ್ತ ಬಂದು ನೋಡಿದ. ಆಮೇಲೆ ತನ್ನ ಲೋಟ ತಂದು ಅವರ ಕೈಗಿಟ್ಟು, ಬೆನ್ನು ಸವರಿ, "ಕುಡಿ ಮಾಮ, ನಿಂಗೂ ಬತ್ತದೆ" ಅಂದ.

ಡಾಕ್ಟರು ಕುಡಿದರು. ಮುಂದಿನ ವರ್ಷ ಮೀಸೆ ಬಿಟ್ಟರು. ಕಾರಣ ಕೇಳೋ ಧೈರ್ಯ ನನಗಾಗಲಿಲ್ಲ.

೪. ಎತ್ತಿ ಕುಡಿ

ನಮ್ಮ ಮನೇಲಿ ಎಲ್ಲರೂ ಲೋಟಕ್ಕೆ ತುಟಿ ಹಚ್ಚಿ ಕುಡಿಯೋರು, ಟೀ ಆದರೆ ಸಾಸರಿಗೆ ಸುರ್ಕೊಂಡು ಊದಿ ಊದಿ ಕುಡಿಯೋರು. ಲೋಟವನ್ನ ಮೇಲಿಂದ ಎತ್ತಿ, ತುಟಿಗೆ ತಾಗಿಸದೆ ಗಂಟಲಿಗೆ ಸುರ್ಕೊಳ್ಳೋದೇ ಮರ್ಯಾದೆ ಅನ್ನೋ ಮನೆಗಳಿವೆ ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಗುಬ್ಬೀಲೇ. ಅಂಥದೊಂದು ಮನೆಯ ಹುಡುಗ ನಮ್ಮಲ್ಲಿದ್ದ. ಮೂರು ವರ್ಷ. ಅವನ ಅಜ್ಜಿ ಬಹಳ ಮಡಿ.

ಅಜ್ಜಿ ಬಂದು ನನಗೆ ತಾಕೀತು ಮಾಡಿದರು. "ಬಾಟ್ಲಿ ಬಿಡಿಸ್ತೀರಂತೆ, ಸಂತೋಷ. ಆದ್ರೆ ಲೋಟ ಕಚ್ಚಿ ಕುಡಿಯೋದು ಮಾತ್ರ ಕಲಿಸಬೇಡಿ. ಎತ್ತಿ ಕುಡೀಬೇಕು. ಎಂಜಲಾಗಬಾರದು."

"ಅಜ್ಜಿ, ಮೂರು ವರ್ಷದ ಮಗು…"

"ಅವರಪ್ಪ ಎರಡನೇ ವರ್ಷಕ್ಕೇ ಎತ್ತಿ ಕುಡೀತಿದ್ದ."

ಆಯಮ್ಮ ಹುಡುಗನನ್ನ ಹಿತ್ತಲಿನ ಒಗೆಯೋ ಕಲ್ಲಿನ ಮೇಲೆ ಅಂಗಿ ಬಿಚ್ಚಿ ನಿಲ್ಲಿಸಿ ಬರೀ ನೀರಲ್ಲಿ ಅಭ್ಯಾಸ ಶುರು ಮಾಡಿಸಿದರು. ಮೊದಲನೇ ದಿನ ಮೂಗಿಗೆ. ಎರಡನೇ ದಿನ ಕಿವಿಗೆ. ಅದು ಹೇಗೆ ಸಾಧ್ಯ ಅಂತ ನಾನಿನ್ನೂ ಯೋಚನೆ ಮಾಡ್ತಿದೀನಿ. ಆದರೆ ಹುಡುಗ ಛಲಗಾರ, ಸೋಲಲಿಲ್ಲ, ಅಳಲಿಲ್ಲ. ಅಜ್ಜಿ ಹೇಳಿದ್ದು ಅವನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು. ತುಟಿಗೆ ತಾಗಬಾರದು, ತಾಗಿದರೆ ಎಂಜಲು.

ಅಷ್ಟು ಗಟ್ಟಿಯಾಗಿ ಕೂತಿತ್ತು ಅಂದರೆ, ಅವನು ಬಾಟ್ಲಿಯನ್ನೂ ಎತ್ತಿ ಕುಡಿಯೋಕೆ ಶುರು ಮಾಡಿದ!

ಕಂಬಕ್ಕೆ ಒರಗಿ ನಿಂತು, ಕತ್ತು ಹಿಂದಕ್ಕೆ ಹಾಕಿ, ಬಾಯಿ ಅಗಲಿಸಿ, ಬಾಟ್ಲೀನ ತಲೆಯ ಮೇಲೆ ತಲೆಕೆಳಗು ಹಿಡಿದು ಕಾಯ್ತಾ ಇದ್ದ. ನಿಪ್ಪಲ್ಲಿನಿಂದ ಒಂದು ಹನಿ ಬಿತ್ತು. ನುಂಗಿದ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಹನಿ. ನಾವು ಅಕ್ಷರಮಾಲೆ ಹಾಡು ಮುಗಿಸಿದ್ವಿ, ಲಗೋರಿ ಆಡಿಸಿ ಬಂದ್ವಿ, ಅವನು ಅಲ್ಲೇ ನಿಂತಿದ್ದಾನೆ. ಕೈ ನಡುಗ್ತಾ ಇದೆ, ಬಾಟ್ಲಿ ಮುಕ್ಕಾಲು ಹಾಗೇ ಇದೆ, ಆದರೆ ತುಟಿ ಮಾತ್ರ ತಾಗಿಸಲಿಲ್ಲ. ಅವನ ನಿಷ್ಠೆಗೆ ನಾನು ಮನಸ್ಸಲ್ಲೇ ಕೈ ಮುಗಿದೆ.

ಮೂರನೇ ದಿನ ತಾನೇ ಬಂದು ಬಾಟ್ಲೀನ ಆಯಮ್ಮನ ಕೈಗೆ ಕೊಟ್ಟು, ಕತ್ತು ಉಜ್ಜಿಕೊಳ್ತಾ ಹೇಳಿದ: "ಇದ್ರಲ್ಲಿ ತುಂಬಾ ಲೇಟಾಗತ್ತೆ."

೫. ಕುಣಿಗಲ್ ಕುದುರೆ

ಇನ್ನೊಂದು ಹೆಣ್ಣುಮಗು ತಾಯಿ ಜೊತೆ ಗುಬ್ಬಿಯ ಅಜ್ಜಿ ಮನೇಲಿತ್ತು. ಅಪ್ಪ ಕುಣಿಗಲ್ಲಿನಲ್ಲಿ ಕುದುರೆ ನೋಡಿಕೊಳ್ಳೋ ಕೆಲಸದಲ್ಲಿದ್ದರು. ವಾರಕ್ಕೊಂದು ಸಲ ಬರೋರು. ಮಗಳಿಗೆ ಕುದುರೆ ಬಿಟ್ಟರೆ ಬೇರೆ ಮಾತಿಲ್ಲ. ಆಯಮ್ಮ ಆ ಅಪ್ಪನ ಹತ್ತಿರ ಹೇಳಿದರು, "ಒಂದ್ಸಲ ಮಗೀನ ಕರ್ಕೊಂಡೋಗಿ, ಅಷ್ಟು ದೊಡ್ಡ ಕುದ್ರೆ ಬಾಟ್ಲಿ ಇಲ್ದೆ ಹೆಂಗ್ ನೀರು ಕುಡೀತದೆ ತೋರ್ಸಪ್ಪ."

ಆತ ಒಳ್ಳೇ ಮನುಷ್ಯ, ಕರ್ಕೊಂಡು ಹೋಗಿ ಎರಡು ದಿನ ಇಟ್ಕೊಂಡು ತೋರಿಸಿದರು. ಮಗು ಸೋಮವಾರ ಬಂದಳು. ಬಾಟ್ಲಿ ಕೊಟ್ಟರೆ ತಲೆ ಕೊಡವಿ ಬೇಡ ಅಂದಳು. ನಮಗೆ ಎಲ್ಲಿಲ್ಲದ ಖುಷಿ! ಲೋಟ ಮುಂದಿಟ್ವಿ. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಬಗ್ಗಿ, ಲೋಟಕ್ಕೆ ಬಾಯಿ ಹಾಕಿದಳು. ಮುಖ ಅರ್ಧ ಹೋಗಿ ಸಿಕ್ಕಿಕೊಂಡಿತು. ಸಿಟ್ಟು ಬಂದು, ಕಾಲಿಂದ ನೆಲ ಕೆರೆದು, "ಬಕೀಟು ಕೊಡಿ" ಅಂದಳು.

"ಕೈಯಲ್ಲಿ ಹಿಡ್ಕೋ ಪುಟ್ಟಿ" ಅಂದೆ.

"ಕುದ್ರೆ ಹಿಡ್ಕೊಳಲ್ಲ."

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಆಯಮ್ಮ ಹೋಗಿ ಅಗಲವಾದ ಒಂದು ಬೋಗುಣಿ ತಂದು ಹಾಲು ಹುಯ್ದರು. "ಬಾಟ್ಲಿ ಹೋಯ್ತಲ್ಲ ಮೇಡಮ್ಮೋರೆ, ಅದು ದೊಡ್ಡದು. ಮನುಷ್ಯರಾಗೋದು ನಿಧಾನಕ್ಕೆ ಆಗ್ಲಿ ಬುಡಿ."

೬. ಸ್ಟೋರ್ ರೂಮು

ಯುಗಾದಿ ಕಳೆದು ಒಂದು ವಾರಕ್ಕೆ ಅಧ್ಯಕ್ಷರ ಕಾರು ಬಂತು. ಆ ಹೊತ್ತಿಗೆ ಹನ್ನೊಂದರಲ್ಲಿ ಒಂದು ಮಗುವಿನ ಕೈಲೂ ಬಾಟ್ಲಿ ಇರಲಿಲ್ಲ. ಬೋಗುಣಿಯ ಹುಡುಗಿ ಕೂಡ ಲೋಟಕ್ಕೆ ಬಂದಿದ್ದಳು, ಉಳಿದವೂ ಇವರನ್ನೆಲ್ಲಾ ನೋಡಿಯೇ ಕಲಿತಿದ್ದವು. ನಾನು ಬೆಳಿಗ್ಗೆ ಬೇಗ ಬಂದು ಮೂಲೆ ಮೂಲೆ ಗುಡಿಸಿಸಿದ್ದೆ. ಆಯಮ್ಮ ಮಾತ್ರ ಬೆವರ್ತಾ ಇದ್ದರು. ಯಾಕೆ ಅಂದರೆ, "ಏನಿಲ್ಲ ಬುಡಿ" ಅಂತಾರೆ.

ಇಪ್ಪತ್ತು ಮಕ್ಕಳೂ ಸಾಲಾಗಿ ಕೂತು ಲೋಟದಲ್ಲಿ ಹಾಲು ಕುಡಿದವು. ಅಧ್ಯಕ್ಷರು ಚೀಲಗಳಲ್ಲಿ, ಕಿಟಕಿ ಮೇಲೆ, ಚಾಪೆ ಸಂದಿಯಲ್ಲಿ ಎಲ್ಲಾ ಕಡೆ ನೋಡಿದರು. ಒಂದೂ ಸಿಗಲಿಲ್ಲ. ನನಗೆ ಆಯಮ್ಮನ ಕೆಲಸ ಉಳೀತು ಅನ್ನೋ ಖುಷೀಲಿ ನೆಲದ ಮೇಲೆ ಕಾಲು ನಿಲ್ತಿರಲಿಲ್ಲ.

"ಎಲ್ಲಾ ಸರಿ ಇದೆ. ಹಾಲಿನ ಪೌಡರ್ ಡಬ್ಬ ಎಲ್ಲಿಟ್ಟಿದೀರಿ, ಒಂದ್ಸಲ ನೋಡಿಬಿಡೋಣ" ಅಂತ ಅಧ್ಯಕ್ಷರು ಸ್ಟೋರ್ ರೂಮಿನ ಕಡೆ ಹೊರಟರು. ಆಯಮ್ಮ ನನ್ನ ಸೆರಗು ಹಿಡಿದು ಎಳೆದರು. ಮುಖ ಬಿಳುಚಿಕೊಂಡಿತ್ತು. ನನಗೆ ಏನೂ ಅರ್ಥವಾಗಲಿಲ್ಲ. ಅಷ್ಟು ಹೊತ್ತಿಗೆ ಅಧ್ಯಕ್ಷರು ಮರದ ಬೀರುವಿನ ಬಾಗಿಲು ತೆಗೆದಾಗಿತ್ತು.

ಕೆಳಗಿನ ಖಾನೆಯಲ್ಲಿ ಹಳೇ ಸೀರೆ ಮಡಿಸಿ ಹಾಸಿತ್ತು. ಅದರ ಮೇಲೆ ತೊಳೆದು ಒಣಗಿಸಿದ ಹನ್ನೊಂದು ಬಾಟ್ಲಿಗಳು ಸಾಲಾಗಿ ಮಲಗಿದ್ದವು. ಕತ್ತಿನವರೆಗೆ ಒಂದು ಬಟ್ಟೆ ಹೊದಿಸಿತ್ತು. ನಿಪ್ಪಲ್ ಮಾತ್ರ ಹೊರಗೆ.

"ಏನ್ರೀ ಇದು!" ಅಧ್ಯಕ್ಷರ ದನಿಗೆ ಹೆಂಚು ಅದುರಿದವು. "ಒಂದು ಕಂಡ್ರೂ ಬಿಡಿಸ್ತೀನಿ ಅಂದಿದ್ದೆ. ಇಲ್ಲಿ ಹನ್ನೊಂದಕ್ಕೆ ಹನ್ನೊಂದೂ ಬಚ್ಚಿಟ್ಟಿದೀರಲ್ಲ!"

ಆಯಮ್ಮ ಕೈ ಮುಗಿದು, "ತಾಯಿ, ನಾನು…" ಅನ್ನೋಷ್ಟರಲ್ಲಿ ಹಿಂದಿನಿಂದ ಜೋರಾಗಿ ಕೇಳಿಸಿತು.

"ಶ್ಶ್!"

ಮಂಡಿಯವರ ಮೊಮ್ಮಗ. ತುಟಿ ಮೇಲೆ ಬೆರಳಿಟ್ಟುಕೊಂಡು, ಹುಬ್ಬು ಗಂಟು ಹಾಕಿ ಅಧ್ಯಕ್ಷರನ್ನೇ ನೋಡ್ತಿದ್ದ. "ಕಿರುಚ್ಬ್ಯಾಡ! ಮಲ್ಗವೆ!"

ಅವನ ಹಿಂದೆ ಬಾಗಿಲಲ್ಲಿ ಹತ್ತು ಮಕ್ಕಳು, ಹತ್ತು ತುಟಿ ಮೇಲೆ ಹತ್ತು ಬೆರಳು. "ಶ್ಶ್!" ಹೋಟೆಲಿನವರ ಮಗಳು ಅಧ್ಯಕ್ಷರ ಸೀರೆ ಪಕ್ಕಕ್ಕೆ ಸರಿಸಿ, ಬಗ್ಗಿ, ತನ್ನ ಬಾಟ್ಲಿಯ ಹೊದಿಕೆ ಸರಿಮಾಡಿ ಎರಡು ಸಲ ತಟ್ಟಿದಳು.

ಆಯಮ್ಮ ಪಿಸುಮಾತಲ್ಲೇ ಹೇಳಿದರು. "ಕಿತ್ಕೊಂಡ್ರೆ ಮನೇಲಿ ಅತ್ತು ಇನ್ನೊಂದು ತರ್ಸ್ಕತವೆ ತಾಯಿ. ಅದ್ಕೇ ಅವ್ರ ಕೈಯಿಂದ್ಲೇ ಮಲಗಿಸ್ದೆ. ಬೆಳಿಗ್ಗೆ ಬಂದು ಒಂದ್ಸಲ ಇಣುಕಿ ನೋಡ್ತವೆ. ಐತೆ ಅಂತ ಗೊತ್ತಾದ್ರೆ ಸಾಕು, ಆಮೇಕೆ ಕೇಳಾಕಿಲ್ಲ. ಕಳ್ಕಂಡೆ ಅನ್ನೋ ಸಂಕ್ಟ ಇರಾಕಿಲ್ಲ ನೋಡಿ."

ಮಕ್ಕಳು ದಿನಾ ಬೆಳಿಗ್ಗೆ ಸ್ಟೋರ್ ರೂಮಿಗೆ ಓಡೋದನ್ನ ನಾನೂ ನೋಡಿದ್ದೆ. ಆಯಮ್ಮ ಹುರಿಗಡಲೆ ಕೊಡ್ತಾರೇನೋ ಅಂದುಕೊಂಡಿದ್ದೆ. ನನ್ನ ಕಣ್ಣು ತುಂಬಿ ಬಂತು. ನಾನು ಒಂದು ವರ್ಷ ಟ್ರೈನಿಂಗ್ ಮಾಡಿದವಳು, ಇಂಥದೊಂದು ಮಾತು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಧ್ಯಕ್ಷರು ಬೀರುವಿನ ಮುಂದೆ ನಿಧಾನಕ್ಕೆ ಕುಕ್ಕರಗಾಲಲ್ಲಿ ಕೂತರು. ಅವರು ಪಿಸುಗುಟ್ಟಿದ್ದನ್ನ ಗುಬ್ಬಿಯಲ್ಲಿ ಮೊದಲ ಸಲ ಕೇಳಿದವರು ನಾವೇ ಇರಬೇಕು. "ಯಾವಾಗ ಏಳ್ತವೆ?"

"ಏಳಾಕಿಲ್ಲ" ಅಂದ ಹುಡುಗ, ಅವನೂ ಪಿಸುಗುಟ್ಟುತ್ತಾ. "ಅವಿನ್ನೂ ಚಿಕ್ಕೋವು. ನಾವು ದೊಡ್ಡೋರಾದ್ವಿ."

ಅಧ್ಯಕ್ಷರು ಎದ್ದು, ಕಿರ್ ಅನ್ನದ ಹಾಗೆ ಎರಡೂ ಕೈಯಲ್ಲಿ ಬೀರುವಿನ ಬಾಗಿಲು ಮುಚ್ಚಿದರು. ನನ್ನ ಕಿವಿ ಹತ್ತಿರ ಬಂದು, "ಆ ಎಸ್ಸೆಸ್ಸೆಲ್ಸಿ ಹುಡುಗಿಗೆ ಬೇರೆ ಕಡೆ ಕೆಲಸ ನೋಡ್ತೀನಿ. ಈಯಮ್ಮ ಇಲ್ಲೇ ಇರ್ಲಿ. ಪರ್ಮನೆಂಟಾಗಿ" ಅಂದರು. ಆಯಮ್ಮ ಗೋಡೆಗೆ ಒರಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟರು. ಅದೂ ಸದ್ದಿಲ್ಲದೆ, ಮಕ್ಕಳು ಬಿಡಬೇಕಲ್ಲ!

ಅಧ್ಯಕ್ಷರು ತುದಿಗಾಲಲ್ಲಿ ಹಜಾರ ದಾಟಿ, ಚಪ್ಪಲಿ ಕೈಯಲ್ಲೇ ಹಿಡ್ಕೊಂಡು ಅಂಗಳಕ್ಕೆ ಇಳಿದರು. ಅವರು ಬರೋದನ್ನ ಕಂಡ ಡ್ರೈವರು, ಗೇಟಿನ ಹತ್ತಿರ ನಿಂತಿದ್ದ ಜನ ದಾರಿ ಬಿಡಲಿ ಅಂತ ಪೋಂ ಪೋಂ ಅಂತ ಹಾರ್ನ್ ಹೊಡೆದ.

ಜಿಲ್ಲೆಯ ಆಫೀಸರುಗಳನ್ನೇ ನಡುಗಿಸಿದ ಆ ಹೆಂಗಸು ಚಪ್ಪಲಿ ಹಿಡಿದ ಕೈಯಲ್ಲೇ ತುಟಿ ಮೇಲೆ ಬೆರಳಿಟ್ಟು ಕಾರಿನ ಕಡೆ ಓಡಿದರು.

"ಶ್ಶ್! ಬುದ್ಧಿ ಇಲ್ವೇನಯ್ಯಾ ನಿಂಗೆ? ಒಳಗೆ ಹನ್ನೊಂದು ಮಲ್ಗವೆ!"